ಯಂಕಂಚಿಯ ಮಾಳಿಗೆಮನೆಯಲ್ಲಿ ಕೇಳಿದ ಕಥನಗಾನ

ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿ ಸುಮಾರು ೬೦ ಕಿಲೋಮೀಟರು. ಗೋಳಗುಮ್ಮಟವು ಬೆನ್ನ ಹಿಂದೆ ಸರಿದು ಮರೆಯಾದ ಮೇಲೆ ಎರಡೂ ಬದಿಗೆ ಎರೆಭೂಮಿಯೇ ಎರೆಭೂಮಿ. ನಡುವೆ ವೀರಗಣಾಚಾರಿ ಮಡಿವಾಳ ಮಾಚಿದೇವರ ಜನ್ಮಸ್ಥಳವಾದ ದೇವರ ಹಿಪ್ಪರಗಿ ಎದುರಾಗುತ್ತದೆ. ಅಲ್ಲಿ ಇಳಿದು ಶರಣೆಂದು ಮುಂದೆ ಸಾಗುವುದು ನನ್ನ ರೂಢಿ. ಕಳೆದ ಶ್ರಾವಣ ಮಾಸದಲ್ಲಿ ಸಿಂದಗಿ ತಾಲೂಕಿನ ಯಂಕಂಚಿಗೆ ಪ್ರವಚನದ ನಿಮಿತ್ತ ಹೋಗುವಾಗಲೂ ಹಾಗೆಯೇ ಮಾಡಿದೆನು. ಆದರೆ ಆ ಸಲ ನಾನು ಹೇಳಬೇಕೆಂದು ಹೋದುದಕ್ಕಿಂತ ಅಲ್ಲಿ ಕೇಳಿ ಬಂದುದೇ ಹೆಚ್ಚಾಯಿತು. ಅದನ್ನು ಸದ್ಭಕ್ತರೊಡನೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನನಗೆ ಇಳಿದುಕೊಳ್ಳಲು ವ್ಯವಸ್ಥೆಯಾಗಿದ್ದುದು ಒಂದು ಹಳೆಯ ಮಾಳಿಗೆಮನೆಯಲ್ಲಿ. ಮೊಳದುದ್ದ ದಪ್ಪದ ಕಲ್ಲು ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ ಜಂತಿಗಳು, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ. ಒಂದು ಮೂಲೆಯಲ್ಲಿ ಬಾಯಿಗೆ ಕಲ್ಲು ಮುಚ್ಚಿದ ಹಗೇವು. ನೆಲದೊಳಗೆ ಜೋಳ ತುಂಬಿಡುವ ಈ ಕಣಜದ ಪರಿಚಯ ನಮ್ಮ ಭಾಗದ ಹಿರಿಯರಿಗೆಲ್ಲ ಉಂಟು. ಮುಚ್ಚಿದ ಹಗೇವನ್ನು ತೆರೆದೊಡನೆ ಯಾರೂ ಇಳಿಯರು. ಒಳಗೆ ನಿಂತ ಕೆಟ್ಟ ಗಾಳಿ ಪ್ರಾಣವನ್ನೇ ತೆಗೆದೀತು. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ಅದು ಉರಿಯುವುದೋ ನಂದುವುದೋ ಎಂದು ನೋಡಿಯೇ ಇಳಿಯುವುದು ಹಿರಿಯರ ಕ್ರಮ.

ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಮಾಳಿಗೆಯಿಂದ ಬುಡದವರೆಗೆ ಒಂದು ಬಿರುಕು ಇಳಿದಿತ್ತು. ಮುಂಗಾರಿಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಿಗಿ ಮಾಡದಿದ್ದರೆ ನೀರು ಗೋಡೆಯ ಹೊಟ್ಟೆಗೆ ಇಳಿಯುತ್ತದೆ. ಒಳಮಣ್ಣು ಕರಗಿ ಕಲ್ಲು ಸರಿಯುತ್ತದೆ. ಮನೆಯ ಹಿರಿಯರನ್ನು ಕೇಳಿದಾಗ ಅವರು ಮೊದಲು ಮಾತು ತಿರುಗಿಸಿದರು. ಆಮೇಲೆ ತಿಳಿದುದು ಇಷ್ಟು. ಮನೆ ಅಣ್ಣ ತಮ್ಮಂದಿರಿಬ್ಬರಿಗೂ ಸೇರಿದ್ದು. ತಮ್ಮನ ಸಂಸಾರ ಸೋಲಾಪುರದಲ್ಲಿ ನೆಲೆಸಿದೆ. ಯಾವುದೋ ಹಳೆಯ ಮಾತಿಗೆ ಇಬ್ಬರೂ ಮಾತು ಬಿಟ್ಟಿದ್ದಾರೆ. ಮಣ್ಣು ಹಾಕಿಸುವ ಖರ್ಚು ಯಾರದು ಎಂದು ಒಬ್ಬರು ಇನ್ನೊಬ್ಬರ ದಾರಿ ಕಾಯುತ್ತಿರುವಾಗ ಮಳೆಯು ಯಾರ ದಾರಿಯನ್ನೂ ಕಾಯಲಿಲ್ಲ.

ಪ್ರವಚನದ ಮೂರನೆಯ ದಿನ ಮಾತಿನ ಭರದಲ್ಲಿ ನಾನು ಇಂದಿನ ತರುಣರು ಕೇಳುವ ಪಾಶ್ಚಾತ್ಯ ಸಂಗೀತವನ್ನು ಹಳಿದೆನು. ಅದರಲ್ಲಿ ಗದ್ದಲವಲ್ಲದೆ ಅರ್ಥವಿಲ್ಲ, ಕಿವಿಗೂ ಮನಸ್ಸಿಗೂ ಕೇಡು ಎಂದೆನು. ಜನ ತಲೆದೂಗಿದರು. ರಾತ್ರಿ ಪ್ರಸಾದ ಮುಗಿದ ಮೇಲೆ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದಿದ್ದ ಮನೆಯ ಮೊಮ್ಮಗನು ನನ್ನ ಬಳಿ ಕುಳಿತು ವಿನಯದಿಂದಲೇ ಕೇಳಿದನು: “ಶಾಸ್ತ್ರಿಗಳ್ರೀ, ನೀವು ಬೈದ್ರಲ್ಲಾ, ಅಂಥಾ ಹಾಡು ಒಂದರೆ ಪೂರಾ ಕೇಳೀರೇನ್ರಿ?”

ನಾನು ಕೇಳಿರಲಿಲ್ಲ. ಕೇಳದೆಯೇ ತೀರ್ಪು ಕೊಟ್ಟಿದ್ದೆನು. ಮಠದಲ್ಲಿ ನನಗೆ ಅಕ್ಷರ ಕಲಿಸಿದ ಗುರುಗಳು ಪೂರ್ವಪಕ್ಷವನ್ನು ಅರಿಯದೆ ಸಿದ್ಧಾಂತ ಹೇಳುವವನನ್ನು ಕಿವುಡನ ಸಾಲಿಗೆ ಸೇರಿಸುತ್ತಿದ್ದರು. ಆ ರಾತ್ರಿ ಆ ಸಾಲಿನಲ್ಲಿ ನಾನೇ ಇದ್ದೆನು. “ಹಾಗಾದರೆ ಕೇಳಿಸಪ್ಪಾ” ಎಂದೆನು.

ಅವನು ಕೇಳಿಸಿದ್ದು ೧೯೭೬ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ‘ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಶನ್’ ಎಂಬ ಗೀತಮಾಲೆ. ರಚಿಸಿದವರು ‘ಅಲನ್ ಪಾರ್ಸನ್ಸ್ ಪ್ರಾಜೆಕ್ಟ್’ ಎಂಬ ತಂಡದವರು. ಅದರ ಮೂಲಪುರುಷರು ಇಬ್ಬರು. ಅಲನ್ ಪಾರ್ಸನ್ಸ್ ಎಂಬುವರು ಹಾಡುಗಾರರಾಗಿ ಹೆಸರಾದವರಲ್ಲ. ಅವರು ಧ್ವನಿಮುದ್ರಣದ ತಂತ್ರಜ್ಞರು, ೧೯೭೩ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಪ್ರಖ್ಯಾತ ಗೀತಮಾಲೆಯೊಂದಕ್ಕೆ ದುಡಿದವರು. ಇನ್ನೊಬ್ಬರು ಗೀತರಚನಕಾರ ಎರಿಕ್ ವುಲ್ಫ್‌ಸನ್. ರಾಕ್ ಸಂಗೀತವು ಮೂರು ನಾಲ್ಕು ನಿಮಿಷಗಳ ಬಿಡಿಹಾಡಿನ ಚೌಕಟ್ಟನ್ನು ಮೀರಿ, ವಾದ್ಯವೃಂದವನ್ನು ಕೂಡಿಸಿಕೊಂಡು, ದೊಡ್ಡ ವಸ್ತುಗಳತ್ತ ಕೈಚಾಚಿದಾಗ ಅದನ್ನು ಪ್ರೊಗ್ರೆಸಿವ್ ರಾಕ್ ಎಂದರು. ಒಂದೇ ವಸ್ತುವಿನ ಎಳೆಯಲ್ಲಿ ಹಾಡುಗಳನ್ನು ಪೋಣಿಸುವ ಕ್ರಮಕ್ಕೆ ಕಾನ್ಸೆಪ್ಟ್ ಆಲ್ಬಮ್ ಎಂದು ಹೆಸರು.

ಇಲ್ಲಿ ಆ ಎಳೆ ಅಮೆರಿಕೆಯ ಎಡ್ಗರ್ ಅಲನ್ ಪೋ ಎಂಬ ಸಾಹಿತಿಯದು. ೧೮೦೯ರಲ್ಲಿ ಹುಟ್ಟಿ ೧೮೪೯ರಲ್ಲಿ, ನಲವತ್ತರ ಹರೆಯದಲ್ಲಿ ತೀರಿಕೊಂಡ ಪೋ ಭಯವನ್ನೇ ಸಾಹಿತ್ಯದ ವಸ್ತುವಾಗಿಸಿದವನು. ಹಾಳು ಕೋಟೆ, ನೆಲಮಾಳಿಗೆ, ಗೋರಿ, ಮುಚ್ಚಿಟ್ಟ ಪಾಪ ಮುಂತಾದವುಗಳ ಸುತ್ತ ಬೆಳೆದ ಈ ಬಗೆಯ ಬರಹವನ್ನು ಪಶ್ಚಿಮದವರು ಗಾಥಿಕ್ ಸಾಹಿತ್ಯವೆನ್ನುತ್ತಾರೆ. ಒಂದು ಹಾಡಿನ ಮೂಲಕಥೆಯಲ್ಲಿ ಕೊಲೆಗಾರನೊಬ್ಬ ಹೆಣವನ್ನು ನೆಲದ ಹಲಗೆಗಳ ಕೆಳಗೆ ಅಡಗಿಸುತ್ತಾನೆ. ಸತ್ತವನ ಹೃದಯ ಬಡಿದುಕೊಳ್ಳುವ ಸದ್ದು ಅವನೊಬ್ಬನಿಗೇ ಕೇಳತೊಡಗಿ, ತಾಳಲಾರದೆ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತಾನೆ. ನಾವು ಕೇಳಿದ್ದು ೧೯೮೭ರ ಪರಿಷ್ಕೃತ ರೂಪ. ಅದರಲ್ಲಿ, ೧೯೮೫ರಲ್ಲಿ ತೀರಿಕೊಂಡ ನಟ ಆರ್ಸನ್ ವೆಲ್ಸ್ ಅವರ ಕಂಠದಲ್ಲಿ ಗದ್ಯವಾಚನವೂ ಕೂಡಿದೆ. ನಮ್ಮಲ್ಲಿ ಪುರಾಣಿಕರು ಪೀಠಿಕೆ ಹೇಳಿ ಗವಾಯಿಗಳಿಗೆ ಹಾಡಲು ಅನುವು ಮಾಡಿಕೊಡುವ ಪರಿಯೇ ನೆನಪಾಯಿತು.

ಎಲ್ಲವೂ ನನಗೆ ಹಿಡಿಸಿತೆಂದರೆ ಸುಳ್ಳಾದೀತು. ಕೆಲವು ಕಡೆ ಚೀರಾಟ ನನ್ನ ಕಿವಿಗೆ ಒಗ್ಗಲಿಲ್ಲ. ಆದರೆ ‘ಅಷರ್ ಮನೆಯ ಪತನ’ ಎಂಬ ಭಾಗ ಬಂದಾಗ ನಾನು ಸರಿದು ಕುಳಿತೆನು. ಸುಮಾರು ೧೬ ನಿಮಿಷಗಳ, ಐದು ಖಂಡಗಳ ವಾದ್ಯಸಂಗೀತವದು. ಅದರಲ್ಲಿ ಹಾಡಿಲ್ಲ. ತಂತಿವಾದ್ಯಗಳ ನಿಧಾನವಾದ ನಡೆ, ಕೊನೆಗೆ ಒಂದು ನಿಮಿಷವೂ ಇಲ್ಲದ ಕುಸಿತ. ಮೊಮ್ಮಗನು ಕಥೆಯನ್ನು ನನಗೂ, ಹತ್ತಿರ ಬಂದು ಕುಳಿತಿದ್ದ ತನ್ನ ಅಜ್ಜನಿಗೂ ಹೇಳಿದನು.

ಪೋ ೧೮೩೯ರಲ್ಲಿ ಬರೆದ ಕಥೆಯಿದು. ಒಂದು ಹಳೆಯ ಮನೆ. ಛಾವಣಿಯಿಂದ ಬುಡದವರೆಗೆ ಅದರ ಗೋಡೆಯಲ್ಲೊಂದು ಸಣ್ಣ ಬಿರುಕು. ಒಳಗೆ ಅವಳಿಗಳಾದ ಅಣ್ಣ ತಂಗಿ ಇಬ್ಬರೇ. ತಂಗಿ ಸತ್ತಳೆಂದು ಅಣ್ಣ ಅವಳನ್ನು ನೆಲಮಾಳಿಗೆಯಲ್ಲಿ ಇಡುತ್ತಾನೆ. ಬಿರುಗಾಳಿಯ ಒಂದು ರಾತ್ರಿ ಅವಳು ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಣ್ಣನ ಮೇಲೆ ಬಿದ್ದು ಇಬ್ಬರೂ ಸಾಯುತ್ತಾರೆ. ಬಿರುಕು ಬಾಯ್ದೆರೆದು ಮನೆ ಎದುರಿನ ಕೊಳದೊಳಗೆ ಮುಳುಗುತ್ತದೆ.

ಅಜ್ಜ ತುಸು ಹೊತ್ತು ಸುಮ್ಮನಿದ್ದು ಕೇಳಿದರು: “ಆಕಿ ಜೀವಂತ ಇದ್ದದ್ದು ಅಣ್ಣಗ ಗೊತ್ತಿತ್ತೇನು?” ಮೊಮ್ಮಗ ಹೇಳಿದ: “ಗೊತ್ತಿತ್ತಜ್ಜಾ. ಭಾಳ ದಿನದಿಂದ ಸಪ್ಪಳ ಕೇಳಿದ್ದ. ಹೇಳಾಕ ಧೈರ್ಯ ಆಗಿರಲಿಲ್ಲ.” ಅಜ್ಜ ಗೋಡೆಯತ್ತ ನೋಡಿದರು. ನಮ್ಮ ಭಾಷೆಯಲ್ಲಿ ಕಟ್ಟಡಕ್ಕೂ ಮನೆ, ಸಂಸಾರಕ್ಕೂ ಮನೆ. ‘ಮನೆ ಒಡೆಯಿತು’ ಎಂದರೆ ಎರಡೂ ಆಗುತ್ತದೆ. ಪೋ ಕೂಡ ತನ್ನ ಕಥೆಯ ಹೆಸರಿನಲ್ಲಿ ಕಟ್ಟಡವನ್ನೂ ಮನೆತನವನ್ನೂ ಒಂದೇ ಪದದಲ್ಲಿ ಹಿಡಿದಿದ್ದಾನೆ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬಿಡಿ ರಚನೆಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ವಿದ್ಯೆ ನಮಗೆ ಹೊಸದೇನಲ್ಲ. ಶೂನ್ಯಸಂಪಾದನೆಯು ಮತ್ತೇನು? ೧೨ನೆಯ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಆಯ್ದು, ನಡುನಡುವೆ ಗದ್ಯದ ಕೊಂಡಿಯಿಟ್ಟು, ಅಲ್ಲಮಪ್ರಭುಗಳನ್ನು ಕೇಂದ್ರವಾಗಿರಿಸಿ ಒಂದು ಮಹಾಸಂವಾದವನ್ನು ಕಟ್ಟಿದವರು ೧೫ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಆಮೇಲೆ ಅದನ್ನು ಪರಿಷ್ಕರಿಸಿದವರು ಮೂವರು, ಅವರಲ್ಲಿ ಕೊನೆಯವರು ಗೂಳೂರ ಸಿದ್ಧವೀರಣ್ಣೊಡೆಯರು. ಬಿಡಿವಚನಕ್ಕೆ ಅದರದೇ ಬೆಳಕುಂಟು. ಆದರೆ ಮುಂದಿನ ವಚನ ಅದಕ್ಕೆ ಉತ್ತರವಾದಾಗ ಹುಟ್ಟುವ ಬೆಳಕು ಬೇರೆ. ಇಂದು ನಾವೇ ವಚನದ ಎರಡು ಸಾಲನ್ನು ಹರಿದು ಭಾಷಣಕ್ಕೆ ಅಂಟಿಸಿಕೊಳ್ಳುತ್ತೇವೆ. ಪೂರ್ತಿ ಕೇಳುವ ಸೈರಣೆ ತರುಣರಲ್ಲಿಲ್ಲವೆಂದು ದೂರುವ ಮೊದಲು ಅದು ನಮ್ಮಲ್ಲಿ ಎಷ್ಟಿದೆಯೆಂದು ನೋಡಿಕೊಳ್ಳಬೇಕು.

ಇನ್ನೂ ಒಂದು ಮಾತು. ನೆಲಮಾಳಿಗೆಯ ಕಥೆ ನಮ್ಮಲ್ಲೂ ಉಂಟು. ಶೂನ್ಯಸಂಪಾದನೆಯ ಆರಂಭದಲ್ಲಿ ಅಲ್ಲಮರು ಗೊಗ್ಗಯ್ಯನ ತೋಟದ ನೆಲದೊಳಗೆ ಹುದುಗಿದ ಗುಡಿಯನ್ನು ಕಾಣುತ್ತಾರೆ. ಅಗೆದು ಒಳಹೊಕ್ಕರೆ ಕರದಲ್ಲಿ ಲಿಂಗವನ್ನು ಹಿಡಿದು ಎವೆಯಿಕ್ಕದೆ ಕುಳಿತ ಅನಿಮಿಷದೇವರು. ಸ್ಥಳ ಅಷರ್ ಮನೆಯ ನೆಲಮಾಳಿಗೆಯಷ್ಟೇ ಕತ್ತಲೆಯದು. ಆದರೆ ಅಲ್ಲಿಂದ ಅಲ್ಲಮರು ಹೊತ್ತು ಬಂದದ್ದು ಲಿಂಗವನ್ನು. ಅಣ್ಣ ತಂಗಿಯರ ಕಥೆಯೂ ಉಂಟು. ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರದೆ ಬಚ್ಚಿಟ್ಟ ಗುಪ್ತಭಕ್ತ. ಅವನು ಲಿಂಗೈಕ್ಯನಾದಾಗ ತಂಗಿ ಮುಕ್ತಾಯಿ ಶೋಕದಲ್ಲಿ ಮುಳುಗುತ್ತಾಳೆ. ಅಲ್ಲಮರು ಅವಳ ಮುಂದೆ ನಿಂತು ಪ್ರಶ್ನಿಸುತ್ತಾರೆ, ಅವಳು ಎದುರುತ್ತರ ಕೊಡುತ್ತಾಳೆ, ಮಾತಿಗೆ ಮಾತು ಬೆಳೆದು ಶೋಕ ಅರಿವಾಗುತ್ತದೆ. ಅಷರ್ ಮನೆಯಲ್ಲಿ ಅಣ್ಣ ಕೇಳಿದ ಸಪ್ಪಳವನ್ನು ನುಡಿಯಲಿಲ್ಲ, ಮನೆ ಬಿತ್ತು. ಮುಕ್ತಾಯಿ ನುಡಿದಳು, ಬಿಡುಗಡೆಯಾದಳು. ಪೋ ಕಾಯಿಲೆಯನ್ನು ಕಂಡವನು, ಶರಣರು ಮದ್ದನ್ನೂ ಕಂಡವರು. ಆದರೆ ಕಾಯಿಲೆಯನ್ನು ಸ್ಪಷ್ಟವಾಗಿ ತೋರಿಸುವವನನ್ನೂ ಗೌರವಿಸಬೇಕು. ಅವನು ತೋರಿಸದಿದ್ದರೆ ಮದ್ದಿನ ಬೆಲೆ ತಿಳಿಯುವುದೆಂತು?

ಮರುದಿನ ಪ್ರವಚನದ ಮೊದಲಿಗೇ ನನ್ನ ತಪ್ಪನ್ನು ಒಪ್ಪಿಕೊಂಡೆನು. ಕೇಳದೆ ಹಳಿದೆ, ಈಗ ಕೇಳಿದೆ ಎಂದು ಹೇಳಿ ಎರಡೂ ಕಥೆಗಳನ್ನು ಒಂದರ ಪಕ್ಕ ಒಂದಿಟ್ಟೆನು. ತಾಯಂದಿರು ಮುಕ್ತಾಯಿಗೆ ಕಣ್ಣೊರೆಸಿಕೊಂಡರು. ತರುಣರು, ಅಂದು ಮೊದಲ ಬಾರಿಗೆ, ಮಂಗಲದವರೆಗೆ ಕುಳಿತಿದ್ದರು. ಯಾರ ಮನೆಯ ಮಾತನ್ನೂ ನಾನು ಎತ್ತಲಿಲ್ಲ.

ಯಂಕಂಚಿಯಿಂದ ಹೊರಡುವ ಬೆಳಗ್ಗೆ ಹಿರಿಯರು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. “ರಾತ್ರಿ ಸೋಲಾಪುರಕ್ಕ ಫೋನ್ ಹಚ್ಚಿದ್ದೆರಿ” ಎಂದರು. “ತಮ್ಮ ಎತ್ತಿದ. ಮಾಳಿಗಿ ಮಾತು ಆಡಿದಿವಿ. ಉಳಿದ ಮಾತು ಆಡಲಿಲ್ಲ.” ನಾನು ಪಡಸಾಲೆಯ ಮೂಲೆಯ ಕಡೆಗೆ ಕೈತೋರಿ ಹೇಳಿದೆನು: “ಹಗೇವು ತೆರೆದ ದಿನವೇ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿರಲ್ಲ, ಗಾಳಿಯಾಡಲಿ. ದೀಪ ನಿಲ್ಲುವುದೋ ನೋಡಿ, ಆಮೇಲೆ ಇಳಿಯಿರಿ.” ಅವರು ನಕ್ಕು ಶರಣು ಮಾಡಿದರು. ಬಿರುಕು ಇನ್ನೂ ಹಾಗೆಯೇ ಇತ್ತು. ಹಿಂಗಾರಿ ಬಿತ್ತನೆಗೆ ಎರೆಹೊಲಗಳು ಮಳೆಯ ದಾರಿ ಕಾಯುತ್ತಿದ್ದವು.