ಮೇಸ್ತ್ರಿ ಹಿಡಿದ ರೂಪಾಯಿ

ನಮ್ಮ ತಂದೆಯವರು ಸರ್ಕಾರಿ ಕಾಲುವೆಯ ಕಾಮಗಾರಿಯಲ್ಲಿ ಮಣ್ಣು ಹೊತ್ತವರು. ಹೆಬ್ಬೆಟ್ಟು ಒತ್ತುತ್ತಿದ್ದುದು ಒಂದು ಮೊತ್ತಕ್ಕೆ, ಕೈಗೆ ಬರುತ್ತಿದ್ದುದು ಇನ್ನೊಂದು, ನಡುವಿನದು ಮೇಸ್ತ್ರಿಯದು. ಕಾಯಕದ ಕುರಿತು ವ್ಯಾಖ್ಯಾನ ಬರೆಯಲು ಕುಳಿತಾಗಲೆಲ್ಲ ಆ ಹೆಬ್ಬೆಟ್ಟಿನ ಮಸಿ ನೆನಪಾಗುತ್ತದೆ.

1982ರ ಏಷ್ಯಾಡ್‌ಗಾಗಿ ದೆಹಲಿಯಲ್ಲಿ ದುಡಿದ ಕೂಲಿಕಾರರಿಗೂ ಹೀಗೆಯೇ ಆಯಿತು. ದಿನಗೂಲಿ 9.25 ರೂಪಾಯಿ, ಜಮಾದಾರನು ಒಂದು ರೂಪಾಯಿ ಹಿಡಿದು 8.25 ಕೊಡುತ್ತಿದ್ದನು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ಸ್ವೀಕರಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಅದೇ ವರ್ಷ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ತೀರ್ಪಿನಲ್ಲಿ ಬರೆದರು. ಗುತ್ತಿಗೆದಾರನತ್ತ ಬೆರಳು ತೋರಿಸಿ ಸರ್ಕಾರವು ನುಣುಚಿಕೊಳ್ಳುವಂತಿಲ್ಲ ಎಂದೂ ಹೇಳಿದರು.

ಇದನ್ನು ಓದಿ ಹೇಳಿದಾಗ ತಂದೆಯವರು ಕೇಳಿದ್ದು ಒಂದೇ ಮಾತು: "ಹಿಡಕೊಂಡ ರೂಪಾಯಿ ತಿರುಗಿ ಬಂತೇನಪ್ಪಾ?"

ನಾನು ಉತ್ತರಿಸಲಾರದೆ ಹೋದೆನು.