ಓಮದಲ್ಲಿ ಇರುವುದು, ಔಷಧದಲ್ಲಿ ಇದ್ದದ್ದು: ತುರ್ಭೆಯಲ್ಲಿ ಬರೆದುಕೊಂಡ ಟಿಪ್ಪಣಿಗಳು

• ನವಿ ಮುಂಬೈನ ತುರ್ಭೆಯ ಎಪಿಎಂಸಿ ಮಸಾಲೆ ಮಾರುಕಟ್ಟೆ. ಓಮ, ಲವಂಗ, ದಾಲ್ಚಿನ್ನಿ, ಅರಿಶಿನದ ಮೂಟೆಗಳು. ಆಂಟಿಬಯೋಟಿಕ್ ಇಲ್ಲದೆ ಬ್ರಾಯ್ಲರ್ ಸಾಕುವವರ ಫೀಡಿನಲ್ಲೂ ಇವುಗಳ ಸತ್ವವೇ ಕಾಣಿಸುತ್ತದೆ: ಓಮದ ಥೈಮಾಲ್, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್. ಗಿಡದಿಂದ ತೆಗೆದರೂ ಕಾರ್ಖಾನೆಯಲ್ಲಿ ತಯಾರಿಸಿದರೂ ಅಣು ಅದೇ. ಹೊಟ್ಟೆನೋವಿಗೆ ಮನೆಯಲ್ಲಿ ಓಮ ಕೊಡುವುದನ್ನು ನೋಡಿ ಬೆಳೆದವರಿಗೆ ಇದು ಸಹಜವೆನಿಸಬಹುದು. ಆದರೆ ಔಷಧ ಮಾಡುತ್ತಿದ್ದ ಕೆಲಸವನ್ನು ಓಮ ಮಾಡಬಲ್ಲದೇ?

• ಅದಕ್ಕೂ ಮೊದಲಿನ ಪ್ರಶ್ನೆ: ಔಷಧ ಅಲ್ಲಿ ಏನು ಮಾಡುತ್ತಿತ್ತು? 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಕೋಳಿಮರಿಗಳಿಗೆ ವಿಟಮಿನ್ ಬಿ12 ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್‌ನ ತಯಾರಿಕೆಯಲ್ಲಿ ಉಳಿದ ಗಷ್ಟನ್ನು ತಿಂದ ಮರಿಗಳು, ವಿಟಮಿನ್‌ನಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚು ಬೆಳೆದವು. ಆ ಆರಿಯೋಮೈಸಿನ್, ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ ಅದೇ ಸಂಸ್ಥೆಯಲ್ಲಿ ಹುಟ್ಟಿದ್ದು. ಅಲ್ಲಿಂದ ಮುಂದೆ ಕಾಯಿಲೆ ಇಲ್ಲದ ಕೋಳಿಯೂ ದಿನಾ ಚಿಟಿಕೆ ಔಷಧ ತಿನ್ನತೊಡಗಿತು.

• ಆ ಚಿಟಿಕೆ ರೋಗ ವಾಸಿಮಾಡುವಷ್ಟು ದೊಡ್ಡದಲ್ಲ. ಮತ್ತೆ ತೂಕ ಹೇಗೆ ಏರಿತು? ಕೋಳಿಯ ಆಹಾರಕ್ಕೆ ಪಾಲು ಕೇಳುವ ಕರುಳಿನ ಸೂಕ್ಷ್ಮಜೀವಿಗಳು ಕಡಿಮೆಯಾದವು ಎನ್ನುತ್ತಾರೆ ಕೆಲವರು. ಕರುಳಿನ ಸಣ್ಣ ಉರಿಯೂತ ಶಮನವಾಗಿ, ಅದಕ್ಕೆ ಸುರಿಯುತ್ತಿದ್ದ ಶಕ್ತಿ ಮಾಂಸಕ್ಕೆ ಉಳಿಯಿತು ಎನ್ನುತ್ತಾರೆ ಇನ್ನು ಕೆಲವರು. ಏಳು ದಶಕವಾದರೂ ವಾದ ಮುಗಿದಿಲ್ಲ. ಏನನ್ನು ತೆಗೆದೆವೆಂದೇ ಪೂರ್ತಿ ತಿಳಿಯದಿರುವಾಗ ಅದರ ಬದಲಿಯನ್ನು ಅಳೆಯುವುದು ಹೇಗೆ?

• ದಿನಾ ಚಿಟಿಕೆ ತಿನ್ನಿಸಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತವೆ. ತೆಗೆಯಲೇಬೇಕಿತ್ತು, ಅದರಲ್ಲಿ ಗೊಂದಲವಿಲ್ಲ. ಸ್ವೀಡನ್ 1986ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಕೊಡುವುದನ್ನು ನಿಲ್ಲಿಸಿದವು. ಬೇರೆ ಯಾವ ಔಷಧವೂ ನಾಟದ ರೋಗಿಗೆ ಕೊನೆಗೆ ಕೊಡುವ ಕೊಲಿಸ್ಟಿನ್ ನಮ್ಮ ಕೋಳಿ ಫೀಡಿನಲ್ಲಿತ್ತು. ಅದನ್ನು ಭಾರತ ನಿಷೇಧಿಸಿದ್ದು 2019ರ ಜುಲೈನಲ್ಲಿ. ಐಸಿಯುನಲ್ಲಿ ಮಲಗಿದವರ ಕೊನೆಯ ಮದ್ದನ್ನು ಕೋಳಿಯ ತೂಕಕ್ಕೆ ಖರ್ಚು ಮಾಡುತ್ತಿದ್ದೆವೆಂಬುದು ನನಗೆ ಇಂದಿಗೂ ಸಂಕಟದ ವಿಷಯ.

• ಬದಲಿಗೆ ಬಂದವು.
ಸಾವಯವ ಆಮ್ಲಗಳು: ಫಾರ್ಮಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್. ಇಡಿಯಾಗಿ ಬ್ಯಾಕ್ಟೀರಿಯಾದ ಒಳಹೊಕ್ಕು ಅಲ್ಲಿ ಒಡೆಯುತ್ತವೆ. ಒಳಗಿನ ಹುಳಿಯನ್ನು ಹೊರಹಾಕುವುದರಲ್ಲೇ ಅದು ಬಸವಳಿಯುತ್ತದೆ. ಬ್ಯುಟಿರಿಕ್ ಆಮ್ಲ ಕರುಳಿನ ಜೀವಕೋಶಗಳಿಗೆ ಆಹಾರವೂ ಹೌದು.
ಬ್ಯಾಸಿಲಸ್ ಬೀಜಕಗಳು: ಫೀಡನ್ನು ಆವಿಯಲ್ಲಿ ಬೇಯಿಸಿ ಗುಳಿಗೆ ಒತ್ತುವ ಬಿಸಿಯನ್ನೂ ತಾಳುತ್ತವೆ.
ಯೀಸ್ಟ್ ಕೋಶಗೋಡೆಯ ಸಕ್ಕರೆಗಳು: ಸಾಲ್ಮೊನೆಲ್ಲಾದಂಥವು ಕರುಳಿಗೆ ಅಂಟುವ ಬದಲು ಇವಕ್ಕೆ ಅಂಟಿ ಹೊರಬೀಳುತ್ತವೆ.
ಕಿಣ್ವಗಳು: ಧಾನ್ಯದಲ್ಲಿ ಕೋಳಿಗೆ ಅರಗದ ನಾರನ್ನು, ಫೈಟೇಟ್ ಎಂಬ ರಂಜಕದ ಸಂಯುಕ್ತವನ್ನು ಒಡೆಯುತ್ತವೆ.
ಮಸಾಲೆಯ ಎಣ್ಣೆಯನ್ನೂ ಆಮ್ಲವನ್ನೂ ಹಾಗೇ ಬೆರೆಸಿದರೆ ಕರುಳಿನ ಮೇಲ್ಭಾಗದಲ್ಲೇ ಹೀರಿಹೋಗುತ್ತವೆ. ಆದ್ದರಿಂದ ಕೊಬ್ಬಿನ ಪದರ ಹೊದಿಸಿ ಕೆಳಗಿನವರೆಗೆ ಕಳಿಸುತ್ತಾರೆ. ಈ ಜಾಣ್ಮೆಯನ್ನು ಮೆಚ್ಚಲೇಬೇಕು.

• ಆದರೂ ಒಂದೇ ಪುಡಿ ಒಂದು ಶೆಡ್ಡಿನಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಸುಮ್ಮನಿರುತ್ತದೆ. ಯಾಕೆ? ಔಷಧ ನಿಂತಾಗ ಹೆಚ್ಚು ಕಾಡುವ ಕರುಳು ಕೊಳೆಯುವ ರೋಗವನ್ನೇ ನೋಡಿದೆ. ಅದನ್ನು ತರುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ. ಅದು ಆರೋಗ್ಯವಂತ ಕೋಳಿಯಲ್ಲೂ ಇದ್ದೇ ಇರುತ್ತದೆ. ಹೆಚ್ಚಾಗಿ ಮೊದಲು ಕಾಕ್ಸಿಡಿಯಾ ಎಂಬ ಪರಾವಲಂಬಿ ಕರುಳಿನ ಒಳಪದರವನ್ನು ಗಾಯಗೊಳಿಸುತ್ತದೆ, ಆಗ ಅದಕ್ಕೆ ದಾರಿ. ಕಾಕ್ಸಿಡಿಯಾಗೆ ಬೇಕಾದದ್ದು ಒದ್ದೆ ಲಿಟ್ಟರ್ (ನೆಲಕ್ಕೆ ಹಾಸಿದ ಹೊಟ್ಟು), ಇಕ್ಕಟ್ಟಾದ ಶೆಡ್. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಕೊಯ್ಲಿನ ಮಳೆಗೆ ನೆನೆದು ಬೂಷ್ಟು ಹಿಡಿದರೆ ಅದರ ವಿಷವೂ ಕೋಳಿಯನ್ನು ಬಲಹೀನ ಮಾಡುತ್ತದೆ. ಸೋರುವ ನಲ್ಲಿಯನ್ನು ಓಮದ ಎಣ್ಣೆ ರಿಪೇರಿ ಮಾಡಲಾರದು.

• ಇನ್ನೊಂದು ಒಗಟು. ಕಾಕ್ಸಿಡಿಯಾ ತಡೆಯುವ ಸಾಲಿನೋಮೈಸಿನ್, ಮೊನೆನ್ಸಿನ್‌ಗಳನ್ನು ಮನುಷ್ಯರಿಗೆ ಕೊಡುವುದಿಲ್ಲ. ಅಮೆರಿಕದ ಲೇಬಲ್ ಲೆಕ್ಕದಲ್ಲಿ ಇವು ಆಂಟಿಬಯೋಟಿಕ್, ಯುರೋಪಿನಲ್ಲಿ ಫೀಡಿನ ಸೇರ್ಪಡೆ. ಡೆನ್ಮಾರ್ಕಿನ ಕೋಳಿ ಸಾಕಣೆದಾರರು 1998ರಲ್ಲಿ ಬೆಳವಣಿಗೆಯ ಔಷಧಗಳನ್ನು ತಾವಾಗಿಯೇ ಬಿಟ್ಟರು. ಫೀಡಿನ ಖರ್ಚು ಸ್ವಲ್ಪವೇ ಏರಿತು, ಸಾವು ಏರಲಿಲ್ಲ. ಆದರೆ ಸಾಲಿನೋಮೈಸಿನ್ ಅಲ್ಲಿ ಉಳಿದಿತ್ತು. ಹಾಗಾದರೆ ಎರಡು ಪೊಟ್ಟಣಗಳ ಮೇಲಿನ ‘ಆಂಟಿಬಯೋಟಿಕ್ ಇಲ್ಲ’ ಎಂಬ ಒಂದೇ ಭರವಸೆಗೆ ಎರಡು ಅರ್ಥ.

• ಯಾರು ನಿರ್ಧರಿಸುತ್ತಾರೆ? ಗುತ್ತಿಗೆ ಸಾಕಣೆಯಲ್ಲಿ ಮರಿ, ಫೀಡ್, ಔಷಧ ಕಂಪನಿಯದು. ಶೆಡ್, ಕರೆಂಟು, ದುಡಿಮೆ ರೈತನದು. ಕೂಲಿ ಬೆಳೆದ ಕೋಳಿಯ ಕಿಲೋ ಲೆಕ್ಕದಲ್ಲಿ. ಚೀಲದೊಳಗೆ ಏನಿರಬೇಕೆಂಬ ಮಾತು ಅವನದಲ್ಲ. ಆ ಪುಡಿ ಫಲಿಸುವಂತೆ ಲಿಟ್ಟರ್ ಒಣಗಿಸುವ, ನೀರಿನ ನಿಪ್ಪಲ್ ಸರಿಪಡಿಸುವ, ಹೊಟ್ಟು ತಿರುವಿ ಹಾಕುವ ಭಾರವೆಲ್ಲ ಅವನದು. ಕೋಳಿಗಳ ಸಂಖ್ಯೆ ತಗ್ಗಿಸಿ ಜಾಗ ಬಿಟ್ಟರೆ ತಗ್ಗುವುದು ಅವನದೇ ಆದಾಯ.

• ಇಷ್ಟು ಬರೆದುಕೊಂಡ ಮೇಲೆ ನನಗೆ ತಿಳಿದದ್ದು: ಚಿಟಿಕೆ ಔಷಧ ಇಷ್ಟು ವರ್ಷ ಅಗ್ಗದ ಶೆಡ್ಡಿನ ಕೊರತೆಗಳನ್ನು ಮುಚ್ಚಿತ್ತು. ಅದನ್ನು ತೆಗೆದಾಗ ಆ ಕೊರತೆಗಳ ಬೆಲೆ ಎದುರಿಗೆ ಬಂತು. ಅಷ್ಟನ್ನೂ ಒಂದು ಪುಡಿಯ ಮೇಲಾಗಲಿ ಒಬ್ಬ ರೈತನ ಮೇಲಾಗಲಿ ಹೇರುವುದು ನ್ಯಾಯವಲ್ಲ. ಔಷಧವಿಲ್ಲದ ಕೋಳಿಗೆ ಹೆಚ್ಚು ಹಣ ಕೊಡಲು ನಾವು ಸಿದ್ಧರಿದ್ದರೆ, ಆ ಹೆಚ್ಚಿನ ಹಣದಲ್ಲಿ ಎಷ್ಟು ಶೆಡ್ಡಿಗೆ ತಲುಪಿತೆಂದು ಕೇಳಲೂ ಸಿದ್ಧರಿರಬೇಕು.