ಹಿಮದ ನಾಡಿನಲ್ಲಿ ಗಾಲಿಯ ಪಾಠ

ದಿಂಬಂ ಘಟ್ಟದ 27 ತಿರುವುಗಳನ್ನು 30 ವರ್ಷಗಳ ಕಾಲ ಏರಿ ಇಳಿದವರಿಗೆ ಚಾಲನೆಯ ವಿಷಯದಲ್ಲಿ ಸ್ವಲ್ಪ ಗರ್ವವಿರುವುದು ಸಹಜ. ತಾಳವಾಡಿಯ ನಮಗೆ ಮಾತು, ನೆಂಟಸ್ತಿಕೆ, ಹಬ್ಬ ಹರಿದಿನಗಳೆಲ್ಲ ಚಾಮರಾಜನಗರದ ಕಡೆಗಾದರೆ, ಕಚೇರಿಯ ಕಾಗದಪತ್ರಗಳಿಗಾಗಿ ಬಹುಕಾಲ ಘಟ್ಟವಿಳಿದು ಸತ್ಯಮಂಗಲಕ್ಕೆ ಹೋಗದೆ ವಿಧಿಯಿರಲಿಲ್ಲ. ಕಬ್ಬಿನ ಲಾರಿ ಎದುರಾದರೂ, ಮಂಜು ಕವಿದರೂ, ಆನೆ ಅಡ್ಡ ನಿಂತರೂ ಅಳುಕದ ಕೈ ನಮ್ಮದೆಂದು ನಾವೇ ಹೇಳಿಕೊಳ್ಳುತ್ತಿದ್ದೆವು. ಆ ಗರ್ವವನ್ನು ನಾವು ಫಿನ್ಲೆಂಡ್ ದೇಶದ ತಾಂಪೆರೆ ನಗರದವರೆಗೂ ಹೊತ್ತುಕೊಂಡು ಹೋಗಿದ್ದೆವೆಂಬುದು ಅಲ್ಲಿ ಅದನ್ನು ಇಳಿಸಬೇಕಾಗಿ ಬಂದಾಗಲೇ ನಮಗೆ ತಿಳಿದದ್ದು.

ಮಗಳು ಅಳಿಯ ಅಲ್ಲಿ ನೆಲೆಸಿ ಕೆಲವು ವರ್ಷಗಳಾಗಿವೆ. ಮೊಮ್ಮಗುವಿನ ನೆಪದಲ್ಲಿ ನಾವು ದಂಪತಿಗಳು ಜನವರಿಯಲ್ಲಿ ಹೋಗಿ ಇಳಿದೆವು. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸೂರ್ಯೋದಯ, ಮಧ್ಯಾಹ್ನ ಮೂರು ಗಂಟೆ ದಾಟುತ್ತಲೇ ಸೂರ್ಯಾಸ್ತ! ನಗರದ ಉತ್ತರಕ್ಕೆ ನೇಸಿಯಾರ್ವಿ, ದಕ್ಷಿಣಕ್ಕೆ ಪ್ಯುಹಾಯಾರ್ವಿ ಎಂಬ ಎರಡು ಸರೋವರಗಳು. ಇವೆರಡನ್ನೂ ಕೂಡಿಸುತ್ತ ಸುಮಾರು 18 ಮೀಟರ್ ಕೆಳಗೆ ಧುಮುಕುವ ತಮ್ಮೆರ್‌ಕೋಸ್ಕಿ ಎಂಬ ಹೊಳೆ ಊರಿನ ನಡುವೆಯೇ ಹರಿಯುತ್ತದೆ. ಈ ನೀರಿನ ಬಲದಿಂದಲೇ ಅಲ್ಲಿ ಹತ್ತಿಯ, ಕಾಗದದ ಕಾರ್ಖಾನೆಗಳು ಬೆಳೆದವು. ಕೆಂಪು ಇಟ್ಟಿಗೆಯ ಆ ಹಳೆಯ ಕಟ್ಟಡಗಳ ಮೇಲೆ ಹಿಮ ಕುಳಿತಿದ್ದ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ವಿಮಾನ ನಿಲ್ದಾಣದಿಂದ ಬರುವಾಗಲೇ ಅಳಿಯ ಕಾರಿನ ಗಾಲಿಗಳನ್ನು ತೋರಿಸಿದ. ಇವು ಚಳಿಗಾಲದ ಟೈರುಗಳಂತೆ. ಬೇಸಿಗೆಯ ಇನ್ನೊಂದು ಜೊತೆ ಉಗ್ರಾಣದಲ್ಲಿದೆಯಂತೆ. ನವೆಂಬರ್ ಮೊದಲ ದಿನದಿಂದ ಮಾರ್ಚ್ ಕೊನೆಯವರೆಗೆ ಹವೆಯಾಗಲಿ ರಸ್ತೆಯಾಗಲಿ ಬೇಡಿದಾಗ ಚಳಿಗಾಲದ ಟೈರು ಇರಲೇಬೇಕೆಂಬುದು ಅಲ್ಲಿಯ ಕಾನೂನು. ಅದರ ಗೀರುಗಳ ಆಳ 3 ಮಿಲಿಮೀಟರಿಗಿಂತ ಕಡಿಮೆಯಿರಬಾರದು. "ಒಂದೇ ಕಾರಿಗೆ ಎಂಟು ಗಾಲಿಯೇ? ಕೈ ಬಲ್ಲವನಿಗೆ ನಾಲ್ಕು ಸಾಕು" ಎಂದು ನಾವು ನಕ್ಕೆವು. ಅಳಿಯ ಮರುಮಾತಾಡಲಿಲ್ಲ.

ಮುಂದಿನ ಭಾನುವಾರ ಅವನು ನಮ್ಮನ್ನು ಒಂದು ವಿಶಾಲವಾದ ಖಾಲಿ ಮೈದಾನಕ್ಕೆ ಕರೆದೊಯ್ದ. ಮಾಲೀಕರ ಒಪ್ಪಿಗೆ ಪಡೆದಿದ್ದನು. ನಮ್ಮಲ್ಲಿ ಅಂತರರಾಷ್ಟ್ರೀಯ ಪರವಾನಗಿಯೂ ಇತ್ತು. ಹಿಮವನ್ನು ತುಳಿದು ತುಳಿದು ನೆಲ ಗಾಜಿನಂತಾಗಿತ್ತು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು, ನೆಟ್ಟಿದ್ದ ಕೋಲಿನ ಬಳಿ ನಿಲ್ಲಿಸಬೇಕೆಂದ. ಇದೇನು ಮಹಾ ಎಂದುಕೊಂಡು ಹೊರಟೆವು. ಬ್ರೇಕು ತುಳಿದೆವು, ಕೋಲು ಹಿಂದಾಯಿತು, ಕಾರು ಮುಂದಾಯಿತು, ನಿಂತದ್ದು ಮೂರು ಕಾರಿನುದ್ದ ಆಚೆಗೆ. ಎರಡನೆಯ ಸಲ ತಿರುವು. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಕಾರು ಕೇಳದವರಂತೆ ನೇರವಾಗಿಯೇ ಸಾಗಿತು. ನಮ್ಮ 30 ವರ್ಷದ ಕೈ ಆ ಕ್ಷಣದಲ್ಲಿ ಬರಿಯ ಗಾಳಿಯನ್ನು ಹಿಡಿದಂತಿತ್ತು.

"ಮಾವ, ಚಕ್ರ ತಿರುಗಿಸುವುದು ಕೈ, ಕಾರನ್ನು ತಿರುಗಿಸುವುದು ರಬ್ಬರು" ಎಂದ ಅಳಿಯ. ಆ ರಾತ್ರಿ ಊಟದ ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ತೋರಿಸಿದ. ಕಾರು ನೆಲವನ್ನು ಮುಟ್ಟುವುದು ಅಂಗೈಯಷ್ಟಗಲದ ನಾಲ್ಕು ತುಂಡುಗಳಲ್ಲಿ ಮಾತ್ರ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಒಣಗಿದ ಡಾಂಬರಿನಲ್ಲಿ ಸುಮಾರು 14 ಮೀಟರಿನಲ್ಲಿ ನಿಲ್ಲುವುದಾದರೆ, ಗಟ್ಟಿಯಾದ ಹಿಮದ ಮೇಲೆ 50 ಮೀಟರ್ ಬೇಕು. ನೀರ್ಗಲ್ಲಿನ ಮೇಲೆ 100 ಮೀಟರಿನ ಹತ್ತಿರ ಬೇಕು. ಶಾಖವು ಸುಮಾರು 7 ಡಿಗ್ರಿಗಿಂತ ಕೆಳಗಿಳಿದಂತೆ ಬೇಸಿಗೆಯ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ರಬ್ಬರು ಆಗಲೂ ಮೆತ್ತಗಿರುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಕೆಲವು ಟೈರುಗಳಲ್ಲಿ ಲೋಹದ ಮೊಳೆಗಳೂ ಇರುತ್ತವೆ. ಇನ್ನೊಂದು ವಿಚಿತ್ರವೆಂದರೆ, ಕಡುಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಸುಮಾರಿನ ಮಂಜುಗಡ್ಡೆಯೇ ಹೆಚ್ಚು ಜಾರುವುದು. ಅದರ ಮೇಲೆ ತೆಳ್ಳನೆಯ ನೀರಿನ ಪೊರೆ ಇರುತ್ತದೆ.

ತಾಂಪೆರೆಯಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ನೋಕಿಯಾ ಎಂಬ ಊರಿದೆ. ಒಂದು ಕಾಲದಲ್ಲಿ ನಮ್ಮೆಲ್ಲರ ಜೇಬಿನಲ್ಲಿದ್ದ ದೂರವಾಣಿಗೆ ಹೆಸರು ಕೊಟ್ಟ ಊರು ಅದೇ. ಅಲ್ಲಿಯ ರಬ್ಬರು ಕಾರ್ಖಾನೆಯೇ 1934ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರನ್ನು ಮೊದಲಿಗೆ ತಯಾರಿಸಿತು. 1936ರಲ್ಲಿ ಕಾರುಗಳಿಗೂ ಬಂತು. ನಾವು ಆ ಊರನ್ನು ನೋಡಲು ಹೊರಟ ದಿನ, ದಾರಿಯ ಬದಿಯ ಹಳ್ಳದಲ್ಲಿ ಹೊಚ್ಚಹೊಸದಾದ, ನಾಲ್ಕೂ ಗಾಲಿಗೆ ಎಂಜಿನ್ ಬಲವಿರುವ ದೊಡ್ಡ ವಾಹನವೊಂದು ಮೂತಿ ಹುದುಗಿಸಿ ನಿಂತಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಒಳ್ಳೆಯ ಟೈರೇ ಇತ್ತು! ಹಾಗಾದರೆ ಅಳಿಯನ ಮಾತು ಸುಳ್ಳಾಯಿತೇ?

ಈ ಪ್ರಶ್ನೆಗೆ ಉತ್ತರ ಹೇಳಿದವರು ಪಕ್ಕದ ಮನೆಯ ಹಿರಿಯರು, ನಿವೃತ್ತ ಬಸ್ ಚಾಲಕರು. ಮಗಳು ಅವರ ಮಾತನ್ನು ನಮಗೆ ತಿಳಿಸಿದಳು. ನಾಲ್ಕು ಗಾಲಿಯ ಬಲ ಹೊರಡುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕಲ್ಲ. ಟೈರು ಕೊಡುವುದು ಒಂದು ಗಂಟು. ಅದನ್ನು ಜೋಪಾನವಾಗಿ ಖರ್ಚು ಮಾಡುವುದೇ ಚಾಲಕನ ಜಾಣತನ. ಮುಂದಿನ ವಾಹನದಿಂದ ದೂರವಿರುವುದು, ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು, ಬ್ರೇಕನ್ನೂ ಚಕ್ರವನ್ನೂ ಮೆಲ್ಲಗೆ ಮುಟ್ಟುವುದು: ಇಷ್ಟೇ ಅವರ ವಿದ್ಯೆ. ಸರಕಾರವೂ ಚಳಿಗಾಲದಲ್ಲಿ ಹೆದ್ದಾರಿಗಳ ವೇಗದ ಮಿತಿಯನ್ನು 120ರಿಂದ 100ಕ್ಕೆ ಇಳಿಸುತ್ತದೆ. ಯೂಹಾ ಕಂಕ್ಕುನೆನ್, ಟೊಮ್ಮಿ ಮೇಕಿನೆನ್ ಅವರಂಥ, ತಲಾ ನಾಲ್ಕು ಬಾರಿ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದ ಚಾಲಕರು ಹುಟ್ಟಿದ ನಾಡು ಅದು. "ಅವರೂ ಮಂಜುಗಡ್ಡೆಯ ಮೇಲೆ ಮೊಳೆಯ ಟೈರಿಲ್ಲದೆ ಸ್ಪರ್ಧೆಗೆ ಇಳಿಯುತ್ತಿರಲಿಲ್ಲ" ಎಂದು ಆ ಹಿರಿಯರು ನಕ್ಕರು.

ಅವರು ನಕ್ಕರು, ನಮಗೆ ನಗು ಬರಲಿಲ್ಲ. ಮನಸ್ಸು ದಿಂಬಂ ಘಟ್ಟಕ್ಕೆ ಹೋಗಿತ್ತು.

ಹಲವು ವರ್ಷಗಳ ಹಿಂದಿನ ಮಾತು. ಕಾರ್ತಿಕದ ಜಡಿಮಳೆಯಲ್ಲಿ ನಮ್ಮ ಮನೆಯ ಜೀಪು ಘಟ್ಟವಿಳಿಯುವಾಗ ತಿರುವೊಂದರಲ್ಲಿ ಜಾರಿ ತಡೆಗೋಡೆಗೆ ಬಡಿಯಿತು. ಪ್ರಾಣಾಪಾಯವಾಗಲಿಲ್ಲ, ಆದರೆ ನಮ್ಮಲ್ಲಿ ಹನ್ನೆರಡು ವರ್ಷ ದುಡಿದಿದ್ದ ಚಾಲಕನ ತೋಳು ಮುರಿಯಿತು. ಕೈ ಸರಿಯಿಲ್ಲದವನು ಘಟ್ಟದಲ್ಲಿ ವಾಹನ ಮುಟ್ಟಬಾರದೆಂದು ನಾವು ಊರೆದುರಿಗೆ ಆಡಿದೆವು. ಆತ ಕೆಲಸ ಬಿಟ್ಟ. ಮತ್ತೆ ಯಾರ ವಾಹನವನ್ನೂ ನಡೆಸಲಿಲ್ಲ. ಆ ಜೀಪಿನ ಟೈರುಗಳಿಗೆ ಎರಡು ಸಲ ಹೊಸ ಪದರ ಹಚ್ಚಿಸಿ, ಅದೂ ಸವೆದು ಬೋಳಾಗಿದ್ದವು. ಅರಿಶಿನದ ಹಣ ಕೈಸೇರಿದ ಮೇಲೆ ಬದಲಿಸೋಣವೆಂದು ಮುಂದೂಡಿದವರು ನಾವೇ. ನೀರನ್ನು ಹೊರದೂಡಲು ಗೀರುಗಳಿಲ್ಲದ ಟೈರು ಮಳೆಯಲ್ಲಿ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುವುದುಂಟು. ಆಗ ಯಾವ ಕೈಯೂ ಮಾಡುವಂಥದೇನೂ ಉಳಿಯದು. ಇಷ್ಟು ಸರಳವಾದ ವಿಷಯ ತಿಳಿಯಲು ನಾವು ಹಿಮದ ನಾಡಿಗೆ ಹೋಗಬೇಕಾಯಿತು.

ಊರಿಗೆ ಮರಳಿದ ವಾರದಲ್ಲೇ ಆತನ ಮನೆಗೆ ಹೋದೆವು. ರಾಗಿಯ ಹೊಲದ ಬದುವಿನ ಮೇಲೆ ಕುಳಿತಿದ್ದ, ಎದ್ದು ನಿಂತ. ತಪ್ಪು ನಮ್ಮದಾಗಿತ್ತೆಂದು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಡುವಾಗಲೇ ಟೈರು ತೋರಿಸಿದ್ದೆನಲ್ಲ ಸ್ವಾಮಿ, ನಿಮಗೆ ನೆನಪಿಲ್ಲವೇ?" ಎಂದ. ನಮಗೆ ನೆನಪಿರಲಿಲ್ಲ. ಆತನಿಗೆ ಇಷ್ಟು ವರ್ಷವೂ ನೆನಪಿತ್ತು.

ನಮ್ಮ ದೇಶದ ನಿಯಮದಲ್ಲೂ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆಯಬಾರದೆಂದಿದೆ. ಅದನ್ನಳೆಯುವ ಪುಟ್ಟ ಅಳತೆಗೋಲೊಂದನ್ನು ಅಳಿಯ ಕೊಟ್ಟು ಕಳುಹಿಸಿದ್ದ. ಆ ದಿನ ಅದನ್ನು ಆತನ ಕೈಗೇ ಕೊಟ್ಟೆವು. ಈಗ ಮಳೆಗಾಲಕ್ಕೆ ಮುನ್ನ ಆತ ನಮ್ಮ ಅಂಗಳಕ್ಕೆ ಬಂದು ನಾಲ್ಕು ಗಾಲಿಗಳನ್ನೂ ಅಳೆದು ನೋಡುತ್ತಾನೆ. ಆತ ಸರಿಯೆಂದ ಮೇಲೆಯೇ ನಮ್ಮ ಮನೆಯ ವಾಹನ ಘಟ್ಟವಿಳಿಯುತ್ತದೆ.